ಬೇಸಿಗೆಯ ಬಿರುಕಿಗೆ ಮಳೆಗಾಲದ ಸ್ಕ್ರೂ

ಒಂದು ಮೀಟರ್ ಅಗಲದ, ಗಟ್ಟಿ ಓಕ್ ಮರದ ಊಟದ ಮೇಜು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದ್ದಾರೆ, ಉಜ್ಜಿ ಪಾಲಿಶ್ ಹೊಡೆದಿದ್ದಾರೆ, ಅಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸ್ಕ್ರೂ ಬಿಗಿದಿದ್ದಾರೆ. ಆಗಸ್ಟಿನಲ್ಲಿ ಮನೆಗೆ ಬಂದಾಗ ಮರದೊಳಗಿನ ತೇವಾಂಶ ಶೇ. 13 ಇತ್ತು ಎಂದಿಟ್ಟುಕೊಳ್ಳೋಣ. ಮಾರ್ಚ್ ಹೊತ್ತಿಗೆ ಅದು ಶೇ. 9ಕ್ಕೆ ಇಳಿದರೆ ಮೇಲುಹಲಗೆಯ ಅಗಲ ಸುಮಾರು 15 ಮಿಲಿಮೀಟರ್ ಕಡಿಮೆಯಾಗಬೇಕು. ಕಬ್ಬಿಣದ ಚೌಕಟ್ಟು ಮಾತ್ರ ಇದ್ದಷ್ಟೇ ಇರುತ್ತದೆ. ಈ 15 ಮಿಲಿಮೀಟರಿಗೆ ಮೇಜು ಮಾಡಿದವರು ದಾರಿ ಬಿಟ್ಟಿರದಿದ್ದರೆ ಮರ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಹಲಗೆಯ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣುತ್ತದೆ, ಕೆಲವು ವಾರಗಳಲ್ಲಿ ಅದು ಒಳಕ್ಕೆ ಓಡಿ ಸೀಳಾಗುತ್ತದೆ.

ಹೀಗಾದಾಗ ಗಿರಾಕಿ ಮರ ಸರಿಯಿಲ್ಲ ಎನ್ನುತ್ತಾನೆ, ಅಂಗಡಿಯವರು ಎಸಿ ಹಾಕಿದ್ದೇ ತಪ್ಪು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ, ಮುಖ್ಯ ಕಾರಣ ಎರಡರಲ್ಲೂ ಇಲ್ಲ. ಆ ಸೀಳು ನಿರ್ಧಾರವಾದದ್ದು ಸ್ಕ್ರೂ ಬಿಗಿದ ದಿನ. ಎಷ್ಟು ಅಗಲದ ಹಲಗೆ, ಯಾವ ಮರ, ತೇವ ಎಷ್ಟು ಬದಲಾಗಲಿದೆ ಎಂಬ ಮೂರು ಅಂಕಿಗಳು ಗೊತ್ತಿದ್ದರೆ ಪೆನ್ಸಿಲ್ ಹಿಡಿದು ಅದನ್ನು ಮುಂಚೆಯೇ ಲೆಕ್ಕ ಹಾಕಬಹುದು.

ಮರ ಉಬ್ಬುವುದೂ ಕುಗ್ಗುವುದೂ ಯಾಕೆ ಎಂಬುದನ್ನು ಮೊದಲು ನೋಡೋಣ. ಮರದ ಕೋಶಗಳ ಗೋಡೆ ಸೆಲ್ಯುಲೋಸ್ ಎಂಬ ಉದ್ದುದ್ದ ಅಣುಗಳ ಎಳೆಗಳಿಂದ ಆದದ್ದು. ಈ ಎಳೆಗಳಿಗೂ ಅವುಗಳ ನಡುವೆ ತುಂಬಿಕೊಂಡಿರುವ ಹೆಮಿಸೆಲ್ಯುಲೋಸಿಗೂ ನೀರಿನ ಅಣುವನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ಹೊಸದಾಗಿ ಕಡಿದ ಮರದಲ್ಲಿ ನೀರು ಎರಡು ಬಗೆಯಲ್ಲಿ ಇರುತ್ತದೆ. ಕೋಶದ ಟೊಳ್ಳಿನಲ್ಲಿ ಸುಮ್ಮನೆ ತುಂಬಿಕೊಂಡದ್ದು ಒಂದು, ಗೋಡೆಯ ಎಳೆಗಳಿಗೆ ಅಂಟಿಕೊಂಡದ್ದು ಇನ್ನೊಂದು. ಒಣಗುವಾಗ ಟೊಳ್ಳಿನ ನೀರು ಮೊದಲು ಹೋಗುತ್ತದೆ, ಆಗ ತೂಕ ಇಳಿಯುತ್ತದೆಯೇ ಹೊರತು ಗಾತ್ರ ಬದಲಾಗುವುದಿಲ್ಲ. ಟೊಳ್ಳು ಖಾಲಿಯಾಗಿ ಗೋಡೆ ಮಾತ್ರ ತುಂಬಿರುವ ಹಂತಕ್ಕೆ ‘ನಾರು ಸಂತೃಪ್ತ ಬಿಂದು’ ಎನ್ನುತ್ತಾರೆ. ಪೂರ್ತಿ ಒಣಗಿಸಿದ ಮರದ ತೂಕಕ್ಕೆ ಹೋಲಿಸಿದರೆ ಆಗ ಇರುವ ನೀರು ಶೇ. 28ರಿಂದ 30. ಅಲ್ಲಿಂದ ಕೆಳಗೆ ಹೋಗುವ ಒಂದೊಂದು ಶೇಕಡಾ ನೀರೂ ಗೋಡೆಯ ಎಳೆಗಳ ನಡುವಿನಿಂದಲೇ ಹೋಗಬೇಕು. ನಡುವಿನ ನೀರು ಹೋದಂತೆ ಎಳೆಗಳು ಹತ್ತಿರ ಸರಿಯುತ್ತವೆ, ಮರ ಕುಗ್ಗುತ್ತದೆ. ನೀರು ಮರಳಿ ಬಂದರೆ ಎಳೆಗಳು ದೂರ ಸರಿಯುತ್ತವೆ, ಮರ ಉಬ್ಬುತ್ತದೆ. ಹಗ್ಗ ಬಿಗಿದು ಕಟ್ಟಿದ ಹುಲ್ಲಿನ ಹೊರೆಯ ಹುಲ್ಲೆಳೆಗಳ ನಡುವೆ ಏನನ್ನೇ ತುರುಕಿದರೂ ಹೊರೆ ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಮರದಲ್ಲೂ ಹಾಗೆಯೇ. ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಮಲಗಿರುವುದರಿಂದ ಉದ್ದದಲ್ಲಿ ಆಗುವ ಬದಲಾವಣೆ ನಗಣ್ಯ. ಹಸಿಯಿಂದ ಪೂರ್ತಿ ಒಣಗುವವರೆಗೆ ಶೇ. 0.1ರಿಂದ 0.2 ಮಾತ್ರ. ಆಟವೆಲ್ಲ ಅಗಲದಲ್ಲಿ.

ಅಗಲದಲ್ಲೂ ಎರಡು ದಿಕ್ಕುಗಳಿವೆ. ದಿಮ್ಮಿಯ ಕೊಯ್ದ ತುದಿಯನ್ನು ನೋಡಿದರೆ ಉಂಗುರಗಳು ಕಾಣುತ್ತವೆ. ನಡುವಿನಿಂದ ತೊಗಟೆಯ ಕಡೆಗೆ ಹೋಗುವುದು ತ್ರಿಜ್ಯದ ದಿಕ್ಕು, ಉಂಗುರವನ್ನು ಅನುಸರಿಸುವುದು ಸ್ಪರ್ಶಕದ ದಿಕ್ಕು. ಓಕ್ ಮರದಲ್ಲಿ ನಡುವಿನಿಂದ ಹೊರಕ್ಕೆ ಹೊರಟ ಅಗಲವಾದ ಕಿರಣಗಳಂಥ ಕೋಶಪಟ್ಟಿಗಳಿವೆ. ತ್ರಿಜ್ಯದ ದಿಕ್ಕಿನಲ್ಲಿ ಮರ ಕುಗ್ಗದಂತೆ ಅವು ತಕ್ಕಮಟ್ಟಿಗೆ ತಡೆಯುತ್ತವೆ. ಸ್ಪರ್ಶಕದ ದಿಕ್ಕಿನಲ್ಲಿ ಅಂಥ ತಡೆ ಇಲ್ಲ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಿಂದ ಇರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ ಈ ಅಳತೆಗಳನ್ನು ನೂರಾರು ಮರಗಳಿಗೆ ಮಾಡಿಟ್ಟಿದೆ. ಅದರ ಪ್ರಕಾರ ಕೆಂಪು ಓಕ್ ಹಸಿಯಿಂದ ಪೂರ್ತಿ ಒಣಗುವಾಗ ತ್ರಿಜ್ಯದ ದಿಕ್ಕಿನಲ್ಲಿ ಶೇ. 4, ಸ್ಪರ್ಶಕದ ದಿಕ್ಕಿನಲ್ಲಿ ಶೇ. 8.6 ಕುಗ್ಗುತ್ತದೆ. ಬಿಳಿ ಓಕ್ ಇನ್ನೂ ಹೆಚ್ಚು, 5.6 ಮತ್ತು 10.5. ನಮ್ಮ ಸಾಗುವಾನಿಯ ಅಂಕಿ 2.5 ಮತ್ತು 5.8.

ಸಾಗುವಾನಿಯ ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಕರ್ನಾಟಕದ ಬಡಗಿಗಳ ಕೈ ಪಳಗಿದ್ದು ಸಾಗುವಾನಿ, ಬೀಟೆ, ಹೊನ್ನೆ, ಹಲಸಿನಂಥ ಮರಗಳಲ್ಲಿ. ಸಾಗುವಾನಿ ಜಗತ್ತಿನ ಅತ್ಯಂತ ಶಾಂತ ಮರಗಳಲ್ಲಿ ಒಂದು. ತೇವ ಒಂದು ಶೇಕಡಾ ಬದಲಾದರೆ ಒಂದು ಮೀಟರ್ ಅಗಲದ ಸಾಗುವಾನಿ ಹಲಗೆ ಸ್ಪರ್ಶಕದ ದಿಕ್ಕಿನಲ್ಲಿ 1.9 ಮಿಲಿಮೀಟರ್ ಬದಲಾಗುತ್ತದೆ, ಅಷ್ಟೇ ಅಗಲದ ಕೆಂಪು ಓಕ್ 3.7 ಮಿಲಿಮೀಟರ್. ಹೆಚ್ಚುಕಡಿಮೆ ಎರಡರಷ್ಟು. ಸಾಗುವಾನಿಯಲ್ಲಿ ಮೂವತ್ತು ವರ್ಷ ಸ್ಕ್ರೂ ಬಿಗಿದು ಏನೂ ಆಗದ ಕೈ ಅದೇ ರೀತಿ ಓಕ್ ಮರಕ್ಕೆ ಬಿಗಿದರೆ ತಪ್ಪು ಕೈಯದ್ದಲ್ಲ, ಮರ ಬದಲಾಗಿದೆ ಎಂದು ಯಾರೂ ಹೇಳದೆ ಇದ್ದದ್ದು. ಅಂದಹಾಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್‌ಗೂ ಈ ಓಕ್‌ಗೂ ಸಂಬಂಧವಿಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆ ಕುಲದ ಮರ. ಸಹ್ಯಾದ್ರಿಯಲ್ಲಿ ನಿಜವಾದ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಮೇಜಿಗೆ ಬರುವ ಓಕ್ ಅಮೆರಿಕ ಅಥವಾ ಯುರೋಪಿನದು.

ಇನ್ನು ಗಾಳಿಯ ವಿಷಯ. ಮರ ತನ್ನ ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆಗೆ ಹೊಂದಿಕೊಳ್ಳುತ್ತದೆ. ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಹುದಾದ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬುದಕ್ಕೆ. 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಕೊನೆಗೆ 6ರ ಹತ್ತಿರ ನಿಲ್ಲುತ್ತದೆ. ಆರ್ದ್ರತೆ 50 ಆದರೆ 9, 65 ಆದರೆ 12, 80 ಆದರೆ 16. ಇದಕ್ಕೆ ಸಮತೋಲನ ತೇವಾಂಶ ಎಂದು ಹೆಸರು. ಗಮನಿಸಬೇಕಾದದ್ದು, ಕೊನೆಯ ಏರು ಕಡಿದಾಗಿದೆ. ಐವತ್ತರಿಂದ ಅರವತ್ತೈದಕ್ಕೆ ಹೋಗಲು ಮರ ಕುಡಿಯುವುದು ಮೂರು ಶೇಕಡಾ, ಅಲ್ಲಿಂದ ಎಂಬತ್ತಕ್ಕೆ ನಾಲ್ಕು.

ಓಕ್ ಪೀಠೋಪಕರಣಗಳ ತವರಿನಲ್ಲಿ ಈ ಸಮಸ್ಯೆ ಉಲ್ಬಣಿಸಿದ್ದು ಮನೆಗೆ ಮನೆಯನ್ನೇ ಬೆಚ್ಚಗಿಡುವ ವ್ಯವಸ್ಥೆ ಬಂದ ಮೇಲೆ. ಚಳಿಗಾಲದಲ್ಲಿ ಹೊರಗೆ ಮೈನಸ್ 5 ಡಿಗ್ರಿ, ಆರ್ದ್ರತೆ ಶೇ. 80 ಇದೆ ಎನ್ನಿ. ಅಷ್ಟು ತಣ್ಣನೆಯ ಗಾಳಿಯ ಒಂದು ಘನಮೀಟರಿನಲ್ಲಿ ಇರುವುದು ಮೂರು ಗ್ರಾಮಿಗಿಂತ ಕಡಿಮೆ ನೀರಾವಿ. ಅದೇ ಗಾಳಿಯನ್ನು ಒಳಗೆಳೆದು 21 ಡಿಗ್ರಿಗೆ ಕಾಯಿಸಿದರೆ ಅದು ಹಿಡಿಯಬಲ್ಲದ್ದು 18 ಗ್ರಾಂ. ಇರುವ ನೀರಾವಿ ಅಷ್ಟೇ, ಹಿಡಿಯುವ ಸಾಮರ್ಥ್ಯ ಐದು ಪಟ್ಟಿಗೂ ಹೆಚ್ಚು. ಆರ್ದ್ರತೆ ಶೇ. 15ರ ಆಸುಪಾಸಿಗೆ ಬೀಳುತ್ತದೆ. ಅಡುಗೆ, ಸ್ನಾನ, ಉಸಿರಾಟದ ನೀರು ಸೇರಿ ಸ್ವಲ್ಪ ಏರಿದರೂ ಅದು ಮರುಭೂಮಿಯ ಗಾಳಿಯೇ. ಶಿಕಾಗೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇರುವ ಮಗಳ ಮನೆಗೆ ಮೈಸೂರಿನಿಂದ ಅಜ್ಜಿಯ ಮರದ ಪೆಟ್ಟಿಗೆಯನ್ನು ಹಡಗಿನಲ್ಲಿ ಕಳಿಸುವವರು ಈ ಲೆಕ್ಕವನ್ನು ಒಮ್ಮೆ ಓದಿಕೊಳ್ಳಬೇಕು.

ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ಆದರೂ ಏರಿಳಿತ ಸಣ್ಣದಲ್ಲ. ಆಗಸ್ಟಿನ ಬೆಳಿಗ್ಗೆ ಆರ್ದ್ರತೆ ಎಂಬತ್ತನ್ನು ದಾಟುತ್ತದೆ, ಮಾರ್ಚಿನ ಮಧ್ಯಾಹ್ನ ಮೂವತ್ತರ ಹತ್ತಿರ ಬರುತ್ತದೆ. ಒಂದು ಇಂಚು ದಪ್ಪದ ಹಲಗೆ ದಿನದ ಏರಿಳಿತಕ್ಕೆ ಮೇಲ್ಪದರದಲ್ಲಿ ಮಾತ್ರ ಸ್ಪಂದಿಸುತ್ತದೆ. ಅದು ಅನುಸರಿಸುವುದು ವಾರಗಳ, ತಿಂಗಳುಗಳ ಸರಾಸರಿಯನ್ನು. ಹಾಗಾಗಿ ನಾನು ಮೊದಲು ಹಿಡಿದದ್ದು ನಾಲ್ಕು ಶೇಕಡಾದ ಇಳಿತವನ್ನು ಮಾತ್ರ. ಕಲಬುರಗಿ, ರಾಯಚೂರಿನಲ್ಲಿ ಇದಕ್ಕಿಂತ ಹೆಚ್ಚು ಸಾಧ್ಯ. ಮಂಗಳೂರಿನ ಮಳೆಗಾಲದಲ್ಲಿ ಮಾಡಿ ಉತ್ತರ ಕರ್ನಾಟಕಕ್ಕೆ ಸಾಗಿಸಿದರೆ ಇನ್ನೂ ಹೆಚ್ಚು. ಭಾರತೀಯ ಮಾನಕ ಸಂಸ್ಥೆ ಮರದ ತೇವಾಂಶದ ಮಿತಿಯನ್ನು ಹೇಳುವಾಗ ದೇಶವನ್ನು ಆರ್ದ್ರತೆಯ ಪ್ರಕಾರ ನಾಲ್ಕು ವಲಯಗಳಾಗಿ ಭಾಗ ಮಾಡಿರುವುದು ಇದೇ ಕಾರಣಕ್ಕೆ.

ಇಲ್ಲಿಯವರೆಗೆ ಹೇಳಿದ್ದು ಚಲನೆ. ಮರ ತನ್ನಷ್ಟಕ್ಕೆ ಕುಗ್ಗಿ ಉಬ್ಬಿದರೆ ಹಾನಿಯೇನಿಲ್ಲ. ಹಾನಿ ಆಗುವುದು ತಡೆದಾಗ. ಎಳೆಯ ಉದ್ದಕ್ಕೆ ಎಳೆದರೆ ಓಕ್ ತಾಳುವ ಬಲದಲ್ಲಿ ಎಳೆಗೆ ಅಡ್ಡವಾಗಿ ತಾಳುವುದು ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸು. ಅಡ್ಡಕ್ಕೆ ಎಳೆದ ಮರ ಸುಮಾರು ಶೇ. 1.5 ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ನಮ್ಮ ಮೇಜಿನ ಅಂಕಿಯನ್ನು ಇದರ ಪಕ್ಕದಲ್ಲಿಡಿ. ಒಂದು ಮೀಟರಿನಲ್ಲಿ 15 ಮಿಲಿಮೀಟರ್ ಅಂದರೆ ಶೇ. 1.5. ಕುಗ್ಗಬೇಕಾದ ಹಲಗೆಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಅದನ್ನು ಹರಿಯುವ ಮಿತಿಯವರೆಗೆ ಎಳೆದು ಹಿಡಿದಂತೆಯೇ. ಕಬ್ಬಿಣದ ಚೌಕಟ್ಟೋ, ಉಷ್ಣತೆ ಹತ್ತು ಡಿಗ್ರಿ ಬದಲಾದರೂ ಮೀಟರಿಗೆ 0.12 ಮಿಲಿಮೀಟರ್ ಮಾತ್ರ ಅಲುಗುತ್ತದೆ.

‘ಇದು ಕಿಲ್ನ್‌ನಲ್ಲಿ ಒಣಗಿಸಿದ ಮರ, ಇನ್ನೇನೂ ಆಗಲ್ಲ’ ಎಂಬ ಮಾತು ಟಿಂಬರ್ ಡಿಪೊಗಳಲ್ಲಿ ಸಾಮಾನ್ಯ. ಒಣಗಿಸಿದ್ದು ನಿಜ. ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ ಕಳಿಸುವ ಆಮದು ಓಕ್‌ನ ತೇವಾಂಶ ಹಲವು ಸಲ ಹತ್ತಕ್ಕಿಂತ ಕೆಳಗಿರುತ್ತದೆ. ಆದರೆ ಒಣಗಿದ ಮರ ನೀರು ಕುಡಿಯುವುದನ್ನು ಮರೆತಿಲ್ಲ, ಮಳೆಗಾಲದ ಗಾಳಿ ಸಿಕ್ಕರೆ ಮತ್ತೆ ಕುಡಿಯುತ್ತದೆ. ಆಗ ಆಗುವ ಹಾನಿ ಕಣ್ಣಿಗೆ ಬೀಳದಂಥದ್ದು. ಗಟ್ಟಿ ಚೌಕಟ್ಟಿನೊಳಗೆ ಸಿಕ್ಕಿಬಿದ್ದ ಹಲಗೆ ಉಬ್ಬಲು ಹೋಗಿ ಜಾಗ ಸಿಗದೆ ತನ್ನ ಕೋಶಗಳನ್ನೇ ಜಜ್ಜಿಕೊಳ್ಳುತ್ತದೆ. ಅಡ್ಡಕ್ಕೆ ಶೇ. 1ಕ್ಕಿಂತ ಹೆಚ್ಚು ಅದುಮಿದ ಮರ ಮೊದಲಿನ ಅಳತೆಗೆ ಮರಳುವುದಿಲ್ಲ. ಬೇಸಿಗೆ ಬಂದಾಗ ಅದು ಮಳೆಗಾಲಕ್ಕೆ ಮೊದಲಿದ್ದದ್ದಕ್ಕಿಂತ ಕಿರಿದಾಗಲು ನೋಡುತ್ತದೆ, ಸ್ಕ್ರೂಗಳು ಬಿಡುವುದಿಲ್ಲ, ಸೀಳುತ್ತದೆ. ಸುತ್ತಿಗೆಯ ಹಿಡಿ ಸಡಿಲವಾಯಿತೆಂದು ನೀರಿನಲ್ಲಿ ನೆನೆಹಾಕುವವರು ಕಾಣುವುದೂ ಇದನ್ನೇ. ಆ ದಿನ ಬಿಗಿಯಾಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಅಮೆರಿಕದ ಮರವಿಜ್ಞಾನಿ ಬ್ರೂಸ್ ಹೋಡ್ಲಿ ಈ ಜಜ್ಜುವಿಕೆಯ ಪರಿಣಾಮವನ್ನು ವಿವರವಾಗಿ ಬರೆದಿದ್ದಾರೆ. ಬೇಸಿಗೆಯಲ್ಲಿ ಕಂಡ ಬಿರುಕಿನ ಅರ್ಧ ಕೆಲಸ ಮಳೆಗಾಲದಲ್ಲೇ ಮುಗಿದಿರುತ್ತದೆ.

ಹಳೆಯ ಮರ ಅಲುಗುವುದಿಲ್ಲ ಎಂಬ ಇನ್ನೊಂದು ನಂಬಿಕೆಯನ್ನು ಕಲಾಸಂಗ್ರಹಾಲಯಗಳು ಪರೀಕ್ಷಿಸಿ ನೋಡಿವೆ. ಉತ್ತರ ಯುರೋಪಿನ ಹಳೆಯ ಚಿತ್ರಕಾರರು ಚಿತ್ರ ಬರೆಯುತ್ತಿದ್ದದ್ದು ಓಕ್ ಹಲಗೆಗಳ ಮೇಲೆ, ಇಟಲಿಯವರು ಪಾಪ್ಲರ್ ಹಲಗೆಗಳ ಮೇಲೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಚಿತ್ರಗಳನ್ನು ಬಾಂಬಿನಿಂದ ಉಳಿಸಲು 1941ರಲ್ಲಿ ವೇಲ್ಸಿನ ಮ್ಯಾನೊಡ್ ಎಂಬಲ್ಲಿನ ಸ್ಲೇಟ್ ಕಲ್ಲಿನ ಗಣಿಯೊಳಗೆ ಇಟ್ಟಿತು. ಗಣಿಯಲ್ಲಿ ಕಟ್ಟಿದ ಕೋಣೆಗಳಲ್ಲಿ ಉಷ್ಣತೆಯನ್ನೂ ಆರ್ದ್ರತೆಯನ್ನೂ ಏಕರೀತಿಯಲ್ಲಿ ಇಟ್ಟಿದ್ದರು. ಲಂಡನ್ನಿನಲ್ಲಿ ಪದೇ ಪದೇ ದುರಸ್ತಿ ಬೇಡುತ್ತಿದ್ದ ಬಣ್ಣದ ಹೊಪ್ಪಳೆ ಏಳುವ ಕಾಟ ಅಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಯುದ್ಧ ಮುಗಿದು 1945ರಲ್ಲಿ ಚಿತ್ರಗಳು ಊರಿಗೆ ಮರಳಿದ ಮೇಲೆ ಮತ್ತೆ ಶುರುವಾಯಿತು. ನಾನೂರು ಐನೂರು ವರ್ಷದ ಮರ ಅದು. ಅದೇ ಹಲಗೆಗಳು ಬಾಗದಿರಲಿ ಎಂದು ಹತ್ತೊಂಬತ್ತನೇ ಶತಮಾನದ ದುರಸ್ತಿಗಾರರು ಹಿಂಬದಿಗೆ ಮರದ ಪಟ್ಟಿಗಳ ಜಾಲರಿ ಬಡಿದಿದ್ದರು. ಅಡ್ಡಪಟ್ಟಿಗಳು ಜಾರುವಂತೆ ಮಾಡಿದ್ದರೂ ಕಾಲಕ್ರಮದಲ್ಲಿ ಅವು ಸಿಕ್ಕಿಕೊಂಡು ಹಲಗೆಯನ್ನು ಹಿಡಿದವು, ಹಲಗೆಗಳು ಬಿರಿದವು. 1990ರ ದಶಕದಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಮರಿಯನ್ ಮೆಕ್ಲೆನ್‌ಬರ್ಗ್ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳೂ ಈ ಮಾತನ್ನೇ ಹೇಳಿದವು. ಸ್ವತಂತ್ರವಾಗಿ ಬಿಟ್ಟ ಮರ ಆರ್ದ್ರತೆಯ ದೊಡ್ಡ ಏರಿಳಿತವನ್ನೂ ತಾಳುತ್ತದೆ, ಕಟ್ಟಿಹಾಕಿದ ಮರಕ್ಕೆ ಆ ತಾಳಿಕೆ ಇಲ್ಲ.

ಯುರೋಪಿನ ಹಳೆಯ ಬಡಗಿಗಳಿಗೆ ಪ್ರಯೋಗಾಲಯ ಇರಲಿಲ್ಲ, ಆದರೂ ಅವರು ಉತ್ತರ ಕಂಡುಕೊಂಡಿದ್ದರು. ಮಧ್ಯಯುಗದ ಆರಂಭದ ಪೆಟ್ಟಿಗೆಗಳಲ್ಲಿ ಅಗಲ ಹಲಗೆಗೆ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆಯುತ್ತಿದ್ದರು, ಅವು ಸೀಳುತ್ತಿದ್ದವು. ಆಮೇಲೆ ಬಂದದ್ದು ಚೌಕಟ್ಟು ಮತ್ತು ಹಲಗೆಯ ಪದ್ಧತಿ. ಕಿರಿದಾದ ನಾಲ್ಕು ಪಟ್ಟಿಗಳ ಚೌಕಟ್ಟು, ಅದರ ಒಳ ಅಂಚಿನಲ್ಲಿ ಕೊರೆದ ತೋಡು, ಆ ತೋಡಿನೊಳಗೆ ಅಂಟು ಹಾಕದೆ ಕೂರಿಸಿದ ತೆಳ್ಳನೆ ಹಲಗೆ. ಅಗಲ ಹಲಗೆ ತೋಡಿನೊಳಗೆ ಹಿಂದೆ ಮುಂದೆ ಸರಿಯುತ್ತದೆ, ಹೊರಗಿನ ಅಳತೆ ಬದಲಾಗುವುದಿಲ್ಲ. ಇಂಥ ಬಾಗಿಲನ್ನು ಒಣ ಹವೆಯಲ್ಲಿ ಹತ್ತಿರದಿಂದ ನೋಡಿದರೆ ಹಲಗೆಯ ಎರಡು ಬದಿಯಲ್ಲೂ, ಚೌಕಟ್ಟಿಗೆ ತಾಗಿದಂತೆ, ಪಾಲಿಶ್ ಕಾಣದ ಬಿಳುಪಾದ ಎಳೆಯೊಂದು ಕಾಣಿಸುತ್ತದೆ. ಜೋಡಿಸಿದ ಮೇಲೆ ಪಾಲಿಶ್ ಹೊಡೆದಾಗ ತೋಡಿನೊಳಗೆ ಅಡಗಿದ್ದ ಭಾಗ ಅದು. ಎಷ್ಟೋ ಜನ ಅದನ್ನು ದೋಷವೆಂದು ದೂರುತ್ತಾರೆ. ಅದು ಬಾಗಿಲು ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು.

ಮೇಜಿಗೂ ಹೀಗೆಯೇ ಉಪಾಯಗಳಿವೆ. ಮೇಲುಹಲಗೆಯನ್ನು ಕೆಳಗಿನ ಪಟ್ಟಿಗೆ ಸಣ್ಣ ಮರದ ಕೊಂಡಿಗಳಿಂದ ಹಿಡಿಸುತ್ತಾರೆ. ಕೊಂಡಿಯ ಒಂದು ತುದಿ ಪಟ್ಟಿಯ ತೋಡಿನಲ್ಲಿ ಸಡಿಲವಾಗಿ ಕೂರುತ್ತದೆ, ಇನ್ನೊಂದು ತುದಿ ಮೇಲುಹಲಗೆಗೆ ಸ್ಕ್ರೂ ಆಗಿರುತ್ತದೆ. ಕಬ್ಬಿಣದ ಚೌಕಟ್ಟಾದರೆ ಅದರಲ್ಲಿ ಗುಂಡು ತೂತಿನ ಬದಲು ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಕೊರೆದು, ವಾಷರ್ ಹಾಕಿ, ಸ್ಕ್ರೂವನ್ನು ಜಾರುವಷ್ಟು ಮಾತ್ರ ಬಿಗಿಯುತ್ತಾರೆ. ತುದಿಗಳಲ್ಲಿ ಅಡ್ಡಪಟ್ಟಿ ಕೂರಿಸುವ ಮೇಜುಗಳಲ್ಲಿ ಆ ಪಟ್ಟಿಗೆ ನಡುವೆ ಮಾತ್ರ ಅಂಟು, ಬದಿಗಳಲ್ಲಿ ಉದ್ದ ತೂತಿನೊಳಗೆ ಗೂಟ. ಮಳೆಗಾಲದಲ್ಲಿ ಮೇಲುಹಲಗೆ ಪಟ್ಟಿಗಿಂತ ಒಂದೆರಡು ಮಿಲಿಮೀಟರ್ ಹೊರಗೆ ಚಾಚುತ್ತದೆ, ಬೇಸಿಗೆಯಲ್ಲಿ ಒಳಗೆ ಸರಿಯುತ್ತದೆ. ಬೆರಳಿಟ್ಟರೆ ತಿಳಿಯುತ್ತದೆ. ಇನ್ನೊಂದು ದಾರಿ ಮರ ಕೊಯ್ಯುವ ಹಂತದಲ್ಲೇ ಇದೆ. ಉಂಗುರಗಳು ಹಲಗೆಯ ಮುಖಕ್ಕೆ ನೇರ ನಿಲ್ಲುವಂತೆ ಕೊಯ್ದರೆ ಅಗಲದಲ್ಲಿ ತ್ರಿಜ್ಯದ ಚಲನೆ ಮಾತ್ರ ಇರುತ್ತದೆ. ಆಗ ನಮ್ಮ 15 ಮಿಲಿಮೀಟರ್ ಆರಕ್ಕೆ ಇಳಿಯುತ್ತದೆ. ಇಂಥ ಕೊಯ್ತದಲ್ಲಿ ಮರ ಹೆಚ್ಚು ಹಾಳಾಗುತ್ತದೆ, ಹಾಗಾಗಿ ದುಬಾರಿ. ಪಾಲಿಶ್ ಬಗ್ಗೆಯೂ ಒಂದು ಮಾತು. ಯಾವ ಪಾಲಿಶ್ ಆದರೂ ನೀರಾವಿಯ ಓಡಾಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮೇಲೆ ಮಾತ್ರ ಹೊಡೆದು ಅಡಿಯನ್ನು ಹಾಗೇ ಬಿಟ್ಟರೆ ಎರಡು ಮುಖಗಳು ಬೇರೆ ಬೇರೆ ವೇಗದಲ್ಲಿ ಒಣಗಿ ಹಲಗೆ ಬಾಗುತ್ತದೆ.

ಇಷ್ಟು ಹಳೆಯ ಜ್ಞಾನವಿದ್ದೂ ಈಗ ಎಚ್ಚರಿಸಬೇಕಾದ ಅಗತ್ಯವೇನು? ಮೂರು ಪ್ರವೃತ್ತಿಗಳು ಒಟ್ಟಿಗೆ ಬಂದಿವೆ. ಒಂದು, ರುಚಿ ಬದಲಾಗಿದೆ. ಕಿರುಪಟ್ಟಿಗಳ ಚೌಕಟ್ಟಿನ ಬದಲು ಅಗಲವಾದ ಒಂದೇ ಹಲಗೆಯ ಮೇಜು, ತೊಗಟೆಯ ಅಂಚನ್ನು ಹಾಗೇ ಉಳಿಸಿದ ಮೇಜು, ನಡುವೆ ಎಪಾಕ್ಸಿ ಸುರಿದ ಮೇಜು, ಅಡಿಯಲ್ಲಿ ಕಬ್ಬಿಣದ ಕಾಲು. ಮರದಂತೆ ಗಾಳಿಯ ತೇವಕ್ಕೆ ಎಪಾಕ್ಸಿ ಹಿಗ್ಗಿ ಕುಗ್ಗುವುದಿಲ್ಲ, ಮರ ಅದರಿಂದ ಬಿಡಿಸಿಕೊಳ್ಳಲು ಪ್ರತಿ ಋತುವಿನಲ್ಲೂ ಎಳೆಯುತ್ತದೆ. ಎರಡು, ಕೈ ಬದಲಾಗಿದೆ. ನಗರಗಳಲ್ಲಿ ಎಳೆಯ ಬಡಗಿಗಳು ಕಲಿತದ್ದು ಪ್ಲೈವುಡ್ಡಿನಲ್ಲಿ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಅದು ಅಲುಗುವುದು ಅತಿ ಕಡಿಮೆ. ಅದಕ್ಕೆ ಎಲ್ಲಿ ಬೇಕಾದರೂ ಸ್ಕ್ರೂ ಹೊಡೆಯಬಹುದು. ಆ ಅಭ್ಯಾಸವೇ ಗಟ್ಟಿಮರಕ್ಕೂ ಬರುತ್ತಿದೆ. ಮೂರು, ಗಾಳಿ ಬದಲಾಗಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರ ತನ್ನ ವರದಿಯಲ್ಲಿ ಈಗಿನ ಹಾದಿಯಲ್ಲೇ ಹೋದರೆ 2050ರ ಹೊತ್ತಿಗೆ ಭಾರತದಲ್ಲಿ ನೂರು ಕೋಟಿಗೂ ಹೆಚ್ಚು ಎಸಿಗಳಿರುತ್ತವೆ ಎಂದು ಅಂದಾಜು ಮಾಡಿದೆ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ನೀರನ್ನೂ ಹಿಂಡಿ ಹೊರಗೆ ಬಿಡುತ್ತದೆ, ಕೊಳವೆಯಿಂದ ತೊಟ್ಟಿಕ್ಕುವ ನೀರು ಅದೇ. ರಾತ್ರಿ ಮಾತ್ರ ಎಸಿ ಓಡುವ ಮಲಗುವ ಕೋಣೆಯಲ್ಲಿ ದಪ್ಪ ಹಲಗೆಗೆ ಅಷ್ಟಾಗಿ ಅಪಾಯವಿಲ್ಲ. ದಿನವಿಡೀ ಎಸಿ ಓಡುವ ಕಚೇರಿಯ ಸಭಾಕೋಣೆಯ ಮಾತು ಬೇರೆ. ತೆರೆದ ಶೆಡ್ಡಿನಲ್ಲಿ ಮಳೆಗಾಲದಲ್ಲಿ ಜೋಡಿಸಿದ ಒಂದೂವರೆ ಮೀಟರ್ ಅಗಲದ ಮೇಜು ಅಲ್ಲಿಗೆ ಹೋದರೆ ಬೇಸಿಗೆಗೆ ಕಾಯಬೇಕಿಲ್ಲ. ನಾಲ್ಕು ಶೇಕಡಾ ತೇವ ಇಳಿದರೆ 22 ಮಿಲಿಮೀಟರ್ ಕುಗ್ಗುತ್ತದೆ.

ಮೇಜಿಗೆ ಬಳಸುವಷ್ಟು ಅಗಲದ ಓಕ್ ಬೆಳೆಯಲು ಎಂಬತ್ತು ನೂರು ವರ್ಷ ಬೇಕು. ಅದನ್ನು ಹತ್ತು ವರ್ಷದಲ್ಲಿ ಸೌದೆ ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ, ತಪ್ಪಿಸಲು ಬೇಕಾದದ್ದು ಕೆಲವು ಉದ್ದನೆಯ ತೂತುಗಳು ಎಂದಾಗ ಇನ್ನೂ.

ಆದ್ದರಿಂದ ಮೇಜು ಮಾಡಿಸುವವರು ಮರ ಯಾವುದು, ದರ ಎಷ್ಟು ಎಂಬುದರ ಜೊತೆಗೆ ಇನ್ನೆರಡನ್ನು ಕೇಳಬೇಕು. ಜೋಡಿಸುವ ದಿನ ಮರದ ತೇವಾಂಶ ಎಷ್ಟಿತ್ತು? ಕೈಯಲ್ಲಿ ಹಿಡಿಯುವ ತೇವಮಾಪಕ ಈಗ ದುಬಾರಿ ಉಪಕರಣವಲ್ಲ, ಒಳ್ಳೆಯ ಬಡಗಿಯ ಪೆಟ್ಟಿಗೆಯಲ್ಲಿ ಇರಲೇಬೇಕಾದದ್ದು. ಮೇಲುಹಲಗೆಯನ್ನು ಹೇಗೆ ಹಿಡಿಸಿದ್ದೀರಿ? ಈ ಎರಡನೆಯದಕ್ಕೆ ಉತ್ತರವನ್ನು ಬಾಯಲ್ಲಿ ಕೇಳುವುದಕ್ಕಿಂತ ಕಣ್ಣಲ್ಲಿ ನೋಡುವುದು ಮೇಲು. ಕೊನೆಯ ಕಂತು ಕೊಡುವ ಮೊದಲು ಮೇಜನ್ನು ಬೋರಲು ಹಾಕಿಸಿ. ಗುಂಡು ತೂತಿನಲ್ಲಿ ಬಿಗಿದ ಸ್ಕ್ರೂಗಳು ಕಂಡರೆ ಅಲ್ಲೇ ಬಿಚ್ಚಿಸಿ ತೂತುಗಳನ್ನು ಉದ್ದ ಮಾಡಿಸಿ. ಮೇಜು ಈಗಾಗಲೇ ಮನೆಯಲ್ಲಿದ್ದು ಇನ್ನೂ ಸೀಳಿಲ್ಲವಾದರೂ ಇದೇ ಕೆಲಸವನ್ನು ಶಿವರಾತ್ರಿಗೆ ಮುಂಚೆ ಮಾಡಿಸಿಕೊಳ್ಳಿ.